ಹದ್ದು, ಗೂಬೆಗಳ ಹಿಕ್ಕೆಯಲ್ಲಿ ಜಂತು ನೋಡುವುದು ಹೇಗೆ

ಹಿಂಗಾರಿ ಜೋಳದ ರಾಶಿ ಮುಗಿದ ಹೊತ್ತು. ನವಲಗುಂದ ಕಡೆಯ ಹುಡುಗನೊಬ್ಬ ರಟ್ಟಿನ ಡಬ್ಬಿಯಲ್ಲಿ ಕಣಜಗೂಬೆಯೊಂದನ್ನು ಇಟ್ಟುಕೊಂಡು ಧಾರವಾಡದ ನಮ್ಮ ಮನೆಗೆ ಬಂದ. “ಸರ್, ಗೂಗಿ ಹೊಟ್ಯಾಗ ಜಂತ ಆಗ್ಯಾವ್ರಿ. ಹಿಕ್ಕಿಯೊಳಗ ದಾರದಂಥ ಹುಳ ಬಿದ್ದಿತ್ತು, ನಾನ ಕಂಡೇನಿ. ಕುರಿಗೆ ಹಾಕೋ ಔಷಧ ಎರಡ ಹನಿ ಹಾಕೀವಿ, ಆದ್ರೂ ಏಳವಲ್ದು” ಎಂದ. ಗೂಬೆ ಕಣ್ಣು ಅರ್ಧ ಮುಚ್ಚಿ ಒಂದು ಬದಿಗೆ ವಾಲಿ ಕೂತಿತ್ತು. ಬಾಯಿಯ ಒಳಮೈ ಸುಣ್ಣದಂತೆ ಬಿಳಚಿತ್ತು. ಅರಣ್ಯ ಇಲಾಖೆಗೆ ಫೋನ್ ಮಾಡಿ ತಿಳಿಸಿ, ಪಶುವೈದ್ಯರ ಹತ್ತಿರ ಒಯ್ದೆವು. ರಾತ್ರಿ ಸತ್ತಿತು.

ಮರುದಿನ ಇಲಾಖೆಯವರ ಎದುರಿಗೆ ವೈದ್ಯರು ಕೊಯ್ದು ನೋಡಿದಾಗ ಕರುಳಿನಲ್ಲಿ ಸಿಕ್ಕದ್ದು ಮೂರು ಸಣ್ಣ ಹುಳ. ಎದೆಗೂಡಿನ ತುಂಬ ಹೆಪ್ಪುಗಟ್ಟದ ರಕ್ತ. ಹುಡುಗನನ್ನು ಕೇಳಿದರೆ, ಕಾಳಿನ ಕೋಣೆಯಲ್ಲಿ ಇಲಿಗೆಂದು ಬ್ರೊಮಾಡಿಯೋಲೋನ್ ಬಿಲ್ಲೆ ಇಟ್ಟಿದ್ದರಂತೆ. ವಿಷ ತಿಂದು ತೂರಾಡುವ ಇಲಿ ಗೂಬೆಗೆ ಸುಲಭದ ತುತ್ತು. ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಆ ವಿಷ ಇಲಿಯ ಮೈಯಿಂದ ಗೂಬೆಯ ಮೈಗೆ ದಾಟುತ್ತದೆ. ಕೊಂದದ್ದು ಅದು, ಹೆಸರು ಬಂದದ್ದು ಜಂತಿಗೆ. ಹಕ್ಕಿ ಉಳಿಯಲಿ ಎಂದೇ ಅಷ್ಟು ದೂರ ಬಂದಿದ್ದ ಹುಡುಗ ನಮ್ಮ ಕಟ್ಟೆಯ ಮೇಲೆ ಬಹಳ ಹೊತ್ತು ಸುಮ್ಮನೆ ಕೂತಿದ್ದ.

ಹಕ್ಕಿಗಳ ಹೊಟ್ಟೆಯ ಹುಳದ ಬಗ್ಗೆ ಕೇಳಿಕೊಂಡು ಬರುವವರಿಗೆ ಅಂದಿನಿಂದ ನಾನು ಮೊದಲು ಹೇಳುವುದು ಇದನ್ನೇ. ಬಯಲಲ್ಲಿ ಬೇಟೆಯಾಡಿ ಬದುಕುವ ಹಕ್ಕಿಯ ಕರುಳಿನಲ್ಲಿ ನಾಲ್ಕು ಹುಳ ಇದ್ದೇ ಇರುತ್ತವೆ. ಅದು ಏನು ತಿಂದಿತು, ಎಲ್ಲಿ ತಿಂದಿತು ಎಂಬುದನ್ನು ಆ ಹುಳಗಳು ಚೆನ್ನಾಗಿ ಹೇಳುತ್ತವೆ. ಅದಕ್ಕೆ ಏನಾಗಿದೆ ಎಂಬುದನ್ನು ಅಷ್ಟು ಸುಲಭಕ್ಕೆ ಹೇಳುವುದಿಲ್ಲ. ಈ ವ್ಯತ್ಯಾಸ ತಲೆಯಲ್ಲಿ ಕೂತರೆ ಸಾಕು, ಒಂದು ಸಾಧಾರಣ ಸೂಕ್ಷ್ಮದರ್ಶಕ ಮತ್ತು ಅಡುಗೆಮನೆಯ ಉಪ್ಪು ಇಟ್ಟುಕೊಂಡು ಕಾಲೇಜು ಹುಡುಗರೂ ಹಕ್ಕಿ ನೋಡುವವರೂ ಬಹಳ ಕೆಲಸ ಮಾಡಬಹುದು. ಅದನ್ನು ಮಾಡುವ ಬಗೆ ಇಲ್ಲಿದೆ.

ಯಾವ ಹಕ್ಕಿ, ಎಲ್ಲಿ

ಶುರುವಿಗೆ ಕರಿಹದ್ದು ಒಳ್ಳೆಯದು. ಹುಬ್ಬಳ್ಳಿಯಲ್ಲಿ ಮಾಂಸದಂಗಡಿಗಳ ಸಾಲು ಇರುವಲ್ಲೆಲ್ಲ ಅದು ಇದೆ, ಊರಿನ ಕಸ ಗುಡ್ಡೆ ಬೀಳುವಲ್ಲಿ ನೂರಾರು ಸುತ್ತುತ್ತವೆ. ಹಗಲೆಲ್ಲ ಚದುರಿದ್ದರೂ ಸಂಜೆಗೆ ಗೊತ್ತಾದ ಕೆಲವೇ ಮರಗಳಿಗೆ ಬಂದು ಕೂರುತ್ತವೆ. ಮೂರು ಸಂಜೆ ಹಿಂಬಾಲಿಸಿದರೆ ಆ ಮರ ಸಿಗುತ್ತದೆ, ಬುಡದ ನೆಲ ಸುಣ್ಣ ಎರಚಿದಂತೆ ಬೆಳ್ಳಗಿರುತ್ತದೆ. ಕಣಜಗೂಬೆ ಬೇಕಾದರೆ ಹಳೆಯ ವಾಡೆ, ಬಾಗಿಲು ಮುಚ್ಚಿದ ಗೋದಾಮು, ಗುಡಿಯ ಗೋಪುರ ನೋಡಿ. ಹಾಲಕ್ಕಿ ಎಂಬ ಸಣ್ಣ ಗೂಬೆಗೆ ಹುಣಸೆ, ಬೇವು, ಆಲದ ಪೊಟರೆ. ಹಾಲಕ್ಕಿ ನುಡಿದರೆ ಶಕುನ ಎಂದು ಕಿವಿಗೊಡುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಯಾವ ಮರದಲ್ಲಿದೆ ಎಂದು ಅವರನ್ನು ಕೇಳಿದರೆ ಅರ್ಧ ಕೆಲಸ ಮುಗಿಯಿತು. ಶಿಕ್ರಾ ಎಂಬ ಸಣ್ಣ ಗಿಡುಗ ಧಾರವಾಡದ ವಿಶ್ವವಿದ್ಯಾಲಯಗಳ ಆವರಣದ ಮರಗಳಲ್ಲಿ ಕಾಣುತ್ತದೆ. ಕೆರೆಯಂಚಿನಲ್ಲಿ ಗರುಡ ಸಿಕ್ಕರೆ ಅದು ಬೇರೆಯೇ ಪಾಠ, ಅದಕ್ಕೆ ಮುಂದೆ ಬರುತ್ತೇನೆ.

ಚಳಿಗಾಲಕ್ಕೆ ವಲಸೆ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳ ವಿಷಯದಲ್ಲಿ ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ಅವು ರಾತ್ರಿ ಹುಲ್ಲುಗಾವಲಿನ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಸಂಜೆ ಅಲ್ಲಿಗೆ ಕಾಲಿಟ್ಟರೆ ಇಡೀ ಗುಂಪು ಎದ್ದು ಕತ್ತಲಲ್ಲಿ ಅಲೆಯಬೇಕಾಗುತ್ತದೆ. ಬೆಳಗ್ಗೆ ಬಿಸಿಲೇರಿ ಎಲ್ಲವೂ ಹಾರಿಹೋದ ಮೇಲಷ್ಟೇ ಹೋಗಿ, ಒಬ್ಬರೇ ಹೋಗಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಗದಗದ ಕಪ್ಪತಗುಡ್ಡ ಇಂಥ ರಕ್ಷಿತ ಜಾಗಗಳಲ್ಲಿ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಹಿಕ್ಕೆಯನ್ನೂ ಎತ್ತುವ ಹಾಗಿಲ್ಲ. ಎಲ್ಲಿಯೇ ಆಗಲಿ, ಗೂಡಿನಲ್ಲಿ ಮೊಟ್ಟೆ ಅಥವಾ ಮರಿ ಇದ್ದರೆ ಆ ಮರವನ್ನು ಬಿಟ್ಟುಬಿಡಿ. ಹಿಕ್ಕೆಗಾಗಿ ಹಕ್ಕಿ ಹಿಡಿಯುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹಿಕ್ಕೆ ಎತ್ತುವುದು

ನೆಲದ ಮೇಲೆ ಒಣಗಿದ ಹಿಕ್ಕೆ ಕೆರೆದು ತಂದರೆ ಶ್ರಮ ವ್ಯರ್ಥ. ಮಣ್ಣಿನಲ್ಲಿ ತಾವಾಗಿಯೇ ಬದುಕುವ ಸಣ್ಣ ದುಂಡುಹುಳಗಳು ಲೆಕ್ಕವಿಲ್ಲದಷ್ಟಿವೆ, ಹಿಕ್ಕೆ ಬಿದ್ದ ಕೆಲ ಗಂಟೆಗಳಲ್ಲಿ ಅದರೊಳಗೆ ಸೇರಿಬಿಡುತ್ತವೆ. ಆಮೇಲೆ ಯಾವುದು ಹಕ್ಕಿಯದು, ಯಾವುದು ಮಣ್ಣಿನದು ಎಂದು ಬಿಡಿಸುವುದು ಕಷ್ಟ. ಅದಕ್ಕೆ ಹಿಂದಿನ ಸಂಜೆಯೇ ಮರದ ಬುಡದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು ಬನ್ನಿ. ಹಕ್ಕಿ ಬರುವುದಕ್ಕೆ ಒಂದು ತಾಸು ಮೊದಲೇ ಹಾಸಿದರೆ ಅವು ಗಾಬರಿಯಾಗುವುದಿಲ್ಲ. ಬೆಳಕು ಹರಿದು ಅವು ಹೊರಟ ಕೂಡಲೇ ಹೋಗಿ ಎತ್ತಿ.

ಹಾಳೆಯ ಮೇಲೆ ಬಿದ್ದದ್ದನ್ನು ಮುಟ್ಟುವ ಮೊದಲು ಕೂತು ನೋಡಿ. ಬೇಟೆಹಕ್ಕಿಯ ಹಿಕ್ಕೆಯಲ್ಲಿ ಮೂರು ಭಾಗ ಇರುತ್ತವೆ: ನಡುವೆ ಕಪ್ಪು ಅಥವಾ ಕಂದು ಬಣ್ಣದ ಮಲ, ಸುತ್ತ ಸುಣ್ಣದಂಥ ಬಿಳಿ ಯೂರಿಕ್ ಆಮ್ಲ, ಅದರಾಚೆ ನೀರಿನಂಥ ಮೂತ್ರ. ನಮಗೆ ಬೇಕಾದ್ದು ನಡುವಿನ ಕಪ್ಪು ಭಾಗ. ಬಿಳಿಯದು ಹೆಚ್ಚು ಸೇರಿದರೆ ಸ್ಲೈಡ್ ತುಂಬ ಹರಳು ತುಂಬಿಕೊಂಡು ಏನೂ ಕಾಣುವುದಿಲ್ಲ. ಶಿಕ್ರಾ, ಹದ್ದುಗಳು ಬಾಲ ಎತ್ತಿ ಹಿಂದಕ್ಕೆ ದೂರ ಚಿಮ್ಮಿಸುತ್ತವೆ, ಹಾಗಾಗಿ ಹಾಳೆಯನ್ನು ಕೊಂಬೆಯ ನೇರ ಕೆಳಗೆ ಹಾಸದೆ ಕೊಂಚ ಆಚೆಗೂ ಚಾಚಿ. ಚಾಣ, ಗೂಬೆಗಳದು ಹೆಚ್ಚುಕಡಿಮೆ ನೇರ ಕೆಳಕ್ಕೆ ಬೀಳುತ್ತದೆ. ಗೂಬೆಗೆ ದೊಡ್ಡ ಕುರುಡುಗರುಳು ಎರಡಿವೆ. ಆಗಾಗ ಅಲ್ಲಿಂದ ಬರುವ ಹಿಕ್ಕೆ ಬೇರೆ, ಜಿಗುಟಾದ ಕಂದು, ವಾಸನೆ ಬಲು ಕೆಟ್ಟದ್ದು. ಅದನ್ನು ಕಂಡು ಭೇದಿಯಾಗಿದೆ ಎಂದು ಹೆದರಬೇಕಿಲ್ಲ, ಅದನ್ನೂ ಬೇರೆ ಡಬ್ಬಿಯಲ್ಲಿ ಎತ್ತಿ.

ಮರದ ಐಸ್‌ಕ್ರೀಮ್ ಕಡ್ಡಿಯಿಂದ ಎತ್ತಿ ಮುಚ್ಚಳವಿರುವ ಸಣ್ಣ ಡಬ್ಬಿಗೆ ಹಾಕಿ. ಒಂದು ಡಬ್ಬಿಗೆ ಒಂದೇ ಹಿಕ್ಕೆ. ಹಕ್ಕಿ, ಮರ, ದಿನ, ಹೊತ್ತು ಅಲ್ಲೇ ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಎಂದವರು ಬರೆದದ್ದನ್ನು ನಾನು ನೋಡಿಲ್ಲ. ಅದೇ ದಿನ ನೋಡುವುದಾದರೆ ತಂಪಿನಲ್ಲಿಟ್ಟರೆ ಸಾಕು. ಕೆಲವು ದಿನ ಇಡಬೇಕಾದರೆ 4 ಡಿಗ್ರಿ ಸೆಲ್ಸಿಯಸ್ ತಂಪು ಬೇಕು, ಊಟದ ಸಾಮಾನು ಇಡುವ ಫ್ರಿಜ್‌ನಲ್ಲಿ ಅಲ್ಲ. ತಿಂಗಳುಗಟ್ಟಲೆ ಇಡಲು ಶೇಕಡಾ 10ರ ಫಾರ್ಮಲಿನ್. ಕಾಕ್ಸಿಡಿಯಾ ಎಂಬ ಏಕಕೋಶಿಗಳನ್ನು ಗುರುತಿಸುವುದಿದ್ದರೆ ಫಾರ್ಮಲಿನ್ ಹಾಕಬೇಡಿ, ಅವು ಜೀವಂತ ಬೆಳೆಯಬೇಕು. ಅದಕ್ಕೆ ಶೇಕಡಾ 2.5ರ ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣ, ತೆಳ್ಳಗೆ ಹರಡಿದ ತಟ್ಟೆಯಲ್ಲಿ ಗಾಳಿಯಾಡುವಂತೆ ಕೆಲವು ದಿನ. ಅದು ವಿಷಕಾರಿ ರಾಸಾಯನಿಕ, ಕಾಲೇಜಿನ ಪ್ರಯೋಗಾಲಯದಲ್ಲೇ ಇರಲಿ.

ಕೈಗವಸು, ಮುಖಗವಸು ಕಡ್ಡಾಯ. ಹಕ್ಕಿಯ ಕರುಳಿನ ಈ ಹುಳಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ತಗಲುವುದಿಲ್ಲ. ಆದರೆ ಅದೇ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಹಕ್ಕಿಜ್ವರದ ವೈರಾಣುವೂ ಇರಬಹುದು. ಒಂದೇ ಜಾಗದಲ್ಲಿ ಎರಡು ಮೂರು ಹಕ್ಕಿ ಸತ್ತು ಬಿದ್ದಿದ್ದರೆ ಹಿಕ್ಕೆಯ ಕೆಲಸ ಅಲ್ಲಿಗೇ ನಿಲ್ಲಿಸಿ, ಹತ್ತಿರದ ಪಶು ಆಸ್ಪತ್ರೆಗೂ ಅರಣ್ಯ ಇಲಾಖೆಗೂ ತಿಳಿಸಿ. ಸತ್ತ ಹಕ್ಕಿಯನ್ನು ನೀವು ಕೊಯ್ಯಬಾರದು.

ಉಗುಳಿದ ಉಂಡೆಯನ್ನು ಬಿಡಬೇಡಿ

ಹದ್ದು, ಗೂಬೆಗಳು ಅರಗದ ಕೂದಲು, ಗರಿ, ಎಲುಬುಗಳನ್ನು ಉಂಡೆ ಮಾಡಿ ಬಾಯಿಂದ ಹೊರಹಾಕುತ್ತವೆ. ಕರುಳಿನ ಹುಳ ಅದರಲ್ಲಿ ಸಿಗುವುದು ಅಪರೂಪ. ಆದರೂ ಹಿಕ್ಕೆಯ ಡಬ್ಬಿಯ ಜೊತೆಗೆ ಉಂಡೆಯ ಡಬ್ಬಿಯೂ ಇರಲೇಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಕಾರಣವಿದೆ. ಬೇಟೆಹಕ್ಕಿಗೆ ಹುಳ ಬರುವುದು ಬಹುಪಾಲು ತಿಂದ ಬೇಟೆಯ ಮೂಲಕ. ಉಂಡೆಯನ್ನು ನೀರಿನಲ್ಲಿ ನೆನೆಸಿ ಚಿಮಟಿಯಿಂದ ಬಿಡಿಸಿದರೆ ಆ ಬೇಟೆ ಯಾವುದು ಎಂದು ಗೊತ್ತಾಗುತ್ತದೆ. ಕಣಜಗೂಬೆಯ ಉಂಡೆಯಲ್ಲಿ ಇಲಿಯ ತಲೆಬುರುಡೆ ಹಲ್ಲಿನ ಸಮೇತ ಇಡಿಯಾಗಿ ಸಿಗುತ್ತದೆ. ಹದ್ದಿನ ಹೊಟ್ಟೆಯ ಆಮ್ಲ ಎಲುಬನ್ನು ಹೆಚ್ಚು ಕರಗಿಸುವುದರಿಂದ ಅದರಲ್ಲಿ ಕೂದಲು, ಗರಿ, ಕೋಳಿಯ ಉಗುರು ಇಷ್ಟೇ. ಹಾಲಕ್ಕಿಯ ಉಂಡೆ ಒಡೆದರೆ ಸಗಣಿಹುಳದ ರೆಕ್ಕೆಚಿಪ್ಪು, ಮಿಡತೆಯ ಕಾಲು, ಕೆಲವೊಮ್ಮೆ ಹಲ್ಲಿಯ ದವಡೆ.

ಸ್ಲೈಡ್ ಮಾಡುವುದು

ಮೂರು ವಿಧಾನ, ಮೂರನ್ನೂ ಮಾಡಿ. ಒಂದರಲ್ಲಿ ತಪ್ಪಿಸಿಕೊಂಡದ್ದು ಇನ್ನೊಂದರಲ್ಲಿ ಸಿಗುತ್ತದೆ.

ನೇರ ಲೇಪ ಎಲ್ಲಕ್ಕಿಂತ ಸುಲಭ. ಸ್ಲೈಡಿನ ಮೇಲೆ ಒಂದು ಹನಿ ಸಲೈನ್, ಸಾಸಿವೆ ಕಾಳಿನಷ್ಟು ಹಿಕ್ಕೆ, ಕಡ್ಡಿಯಿಂದ ಕಲಸಿ ತೆಳು ಗಾಜಿನ ಕವರ್ ಸ್ಲಿಪ್ ಮುಚ್ಚಿ. ಕೆಳಗಿಟ್ಟ ಪತ್ರಿಕೆಯ ಅಕ್ಷರ ಸ್ಲೈಡಿನ ಮೂಲಕ ಓದಲು ಬರುವಷ್ಟು ತೆಳುವಾಗಿರಲಿ. ಈಜುವ ಏಕಕೋಶಿಗಳು ಕಾಣುವುದು ಇದರಲ್ಲಿ ಮಾತ್ರ, ಅದೂ ಹಿಕ್ಕೆ ಬಿಸಿಯಿದ್ದಾಗ.

ತೇಲಿಸುವ ವಿಧಾನಕ್ಕೆ ಉಪ್ಪಿನ ದ್ರಾವಣ ಬೇಕು. ಒಂದು ಲೀಟರ್ ನೀರನ್ನು ಕಾಯಿಸಿ ಸುಮಾರು 400 ಗ್ರಾಂ ಉಪ್ಪನ್ನು ಹಾಕುತ್ತ ಕಲಸಿ. ತಳದಲ್ಲಿ ಸ್ವಲ್ಪ ಕರಗದೆ ಉಳಿಯಿತೆಂದರೆ ದ್ರಾವಣ ತುಂಬಿತು ಎಂದರ್ಥ. ಆರಿಸಿ ಸೋಸಿ. ಇದರ ಸಾಂದ್ರತೆ ಸುಮಾರು 1.20 ಬರುತ್ತದೆ, ಹೆಚ್ಚಿನ ದುಂಡುಹುಳಗಳ ಮೊಟ್ಟೆ ಇದರಲ್ಲಿ ತೇಲುತ್ತದೆ. ಒಂದು ಗ್ರಾಂ ಹಿಕ್ಕೆಯನ್ನು 14 ಮಿಲಿಲೀಟರ್ ದ್ರಾವಣದಲ್ಲಿ ಕದಡಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಸಣ್ಣ ನಳಿಕೆಗೆ ಕಂಠಮಟ್ಟ ಸುರಿಯಿರಿ. ಮೇಲೆ ದ್ರಾವಣ ಗುಮ್ಮಟದಂತೆ ಉಬ್ಬಿ ನಿಲ್ಲಬೇಕು. ಅದರ ಮೇಲೆ ಕವರ್ ಸ್ಲಿಪ್ ಕೂರಿಸಿ 15 ನಿಮಿಷ ಬಿಡಿ. ಆಮೇಲೆ ನೇರ ಮೇಲಕ್ಕೆ ಎತ್ತಿ ಸ್ಲೈಡಿನ ಮೇಲಿಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಇಲ್ಲಿ ಒಂದು ತೊಂದರೆ ಇದೆ. ಗದಗದ ಏಪ್ರಿಲ್ ಬಿಸಿಲಿಗೆ ಸ್ಲೈಡಿನ ಅಂಚು ಬೇಗನೆ ಒಣಗಿ ಉಪ್ಪಿನ ಹರಳು ಕಟ್ಟತೊಡಗುತ್ತದೆ, ಮೊಟ್ಟೆಗಳೂ ಸುಕ್ಕುಗಟ್ಟುತ್ತವೆ. ಎತ್ತಿದ ಕೂಡಲೇ ನೋಡಲು ಕೂರಬೇಕು. ಪುರುಸೊತ್ತು ಬೇಕೆಂದರೆ ಸಕ್ಕರೆ ಪಾಕ ಮಾಡಿಕೊಳ್ಳಿ: 355 ಮಿಲಿಲೀಟರ್ ನೀರಿಗೆ 454 ಗ್ರಾಂ ಸಕ್ಕರೆ, ಬೂಸಲು ಬಾರದಂತೆ ಸ್ವಲ್ಪ ಫಾರ್ಮಲಿನ್. ಅಂಟಂಟಾದರೂ ಮೊಟ್ಟೆ ಕೆಡುವುದಿಲ್ಲ, ಸಾಂದ್ರತೆಯೂ ಹೆಚ್ಚು, ಸುಮಾರು 1.27.

ಚಪ್ಪಟೆಹುಳ ಮತ್ತು ಮುಳ್ಳುತಲೆ ಹುಳದ ಮೊಟ್ಟೆ ಭಾರ. ಉಪ್ಪುನೀರಿನಲ್ಲಿ ಅವು ತಳಕ್ಕೆ ಹೋಗುತ್ತವೆ. ಮೇಲೆ ತೇಲಿದ್ದನ್ನಷ್ಟೇ ನೋಡಿ ‘ಏನೂ ಇಲ್ಲ’ ಎಂದು ಬರೆದುಬಿಡುವ ತಪ್ಪನ್ನು ನಾನೇ ಒಂದು ಇಡೀ ಮಳೆಗಾಲ ಮಾಡಿದ್ದೇನೆ. ಅವಕ್ಕೆ ಬರೀ ನೀರು ಸಾಕು. ಹಿಕ್ಕೆಯನ್ನು ಹೆಚ್ಚು ನೀರಿನಲ್ಲಿ ಕದಡಿ ಸೋಸಿ, ಉದ್ದ ಲೋಟದಲ್ಲಿ ಹತ್ತು ನಿಮಿಷ ನಿಲ್ಲಿಸಿ, ಮೇಲಿನ ನೀರನ್ನು ಮೆಲ್ಲಗೆ ಚೆಲ್ಲಿ, ಮತ್ತೆ ನೀರು ತುಂಬಿ. ನೀರು ತಿಳಿಯಾಗುವವರೆಗೆ ಹೀಗೆ ಮೂರು ನಾಲ್ಕು ಸಲ ಮಾಡಿ, ಕೊನೆಗೆ ಉಳಿದ ತಳದ ಗಸಿಯನ್ನು ಹನಿಹನಿಯಾಗಿ ನೋಡಿ.

ಸೂಕ್ಷ್ಮದರ್ಶಕದಲ್ಲಿ ಮೊದಲು 100 ಪಟ್ಟು ಇಟ್ಟು ಕವರ್ ಸ್ಲಿಪ್ಪಿನ ಒಂದು ಮೂಲೆಯಿಂದ ಶುರುಮಾಡಿ, ಹೊಲ ಉಳುವಂತೆ ಸಾಲು ಸಾಲಾಗಿ ಇಡೀ ಸ್ಲೈಡ್ ನೋಡಿ. ಅನುಮಾನ ಬಂದದ್ದನ್ನು 400 ಪಟ್ಟಿನಲ್ಲಿ ನೋಡಿ. ಬೆಳಕು ಕಡಿಮೆ ಮಾಡಿದಷ್ಟೂ ಮೊಟ್ಟೆಯ ಗೆರೆ ಸ್ಪಷ್ಟ. ಕಾಗದದ ಫೋಲ್ಡ್‌ಸ್ಕೋಪ್ ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ. ಜಂತಿನ ಮೊಟ್ಟೆ ಹುಡುಕಲು ಅದೂ ನಡೆಯುತ್ತದೆ, ಕಾಕ್ಸಿಡಿಯಾದ ಒಳಗು ನೋಡಲು ಸಾಲದು.

ಏನು ಕಂಡಿತು?

ಮೊದಲ ಸಲ ನೋಡುವವರಿಗೆ ಮರೆಯಲಾರದಂತೆ ಕಾಣುವುದು ಕ್ಯಾಪಿಲ್ಲೇರಿಯಾ ಎಂಬ ಕೂದಲುಹುಳದ ಮೊಟ್ಟೆ. ನಿಂಬೆಹಣ್ಣನ್ನು ಉದ್ದಕ್ಕೆ ಎಳೆದಂಥ ಆಕಾರ, ತಿಳಿ ಕಂದು ಬಣ್ಣ, ಎರಡೂ ತುದಿಗೆ ಗಾಜಿನ ಬಿರಡೆ ಹಾಕಿದಂತೆ ಹೊಳೆಯುವ ಮುಚ್ಚಳ. ಉದ್ದ ಸುಮಾರು 60 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿನ ದಪ್ಪದಷ್ಟು. ಈ ಗುಂಪಿನ ಹಲವು ಹುಳಗಳು ಎರೆಹುಳವನ್ನು ಮಧ್ಯವರ್ತಿ ಮಾಡಿಕೊಂಡಿವೆ. ಕರುಳಿನಲ್ಲಿ ಬದುಕುವ ಜಾತಿಗಳಿವೆ, ಬಾಯಿ ಮತ್ತು ಅನ್ನನಾಳದ ಒಳಮೈಯಲ್ಲಿ ಹೊಲಿದುಕೊಂಡಂತೆ ಕೂರುವ ಜಾತಿಗಳೂ ಇವೆ. ಎರಡನೆಯವು ಹೆಚ್ಚಾದರೆ ಹಕ್ಕಿ ತುತ್ತು ನುಂಗಲಾರದೆ ಸೊರಗುತ್ತದೆ.

ಪೊರೊಸೀಕಮ್ ಎಂಬುದು ನಮ್ಮ ಮಕ್ಕಳ ಹೊಟ್ಟೆಯಲ್ಲಿ ಕಾಣುವ ದೊಡ್ಡ ಜಂತಿನ ದಾಯಾದಿ. ಅದರ ಮೊಟ್ಟೆ ದುಂಡಗೆ, ಚಿಪ್ಪು ದಪ್ಪ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಳಿ. ಎರೆಹುಳ, ಅದನ್ನು ತಿಂದ ಮೂಗಿಲಿ, ಮೂಗಿಲಿಯನ್ನು ತಿಂದ ಹಕ್ಕಿ, ಹೀಗೆ ಇದರ ದಾರಿ. ಸ್ಪೈರುರಿಡ್ ಗುಂಪಿನ ಮೊಟ್ಟೆ ಇನ್ನೂ ಚಿಕ್ಕದು, ಒಳಗೆ ಮರಿಹುಳ ಆಗಲೇ ಸುರುಳಿ ಸುತ್ತಿ ಮಲಗಿರುತ್ತದೆ. ಈ ಗುಂಪಿನ ಬೆಳೆದ ಹುಳಗಳು ಹೊಟ್ಟೆಯ ಗೋಡೆಯಲ್ಲಿರುತ್ತವೆ, ಜೀರುಂಡೆ, ಮಿಡತೆಗಳಂಥ ಕೀಟಗಳ ಮೂಲಕ ಬರುತ್ತವೆ. ಲಾಡಿಹುಳದ ಮೊಟ್ಟೆಯೊಳಗೆ ಆರು ಕೊಕ್ಕೆಗಳ ಮರಿ ಇರುತ್ತದೆ. ಆ ಕೊಕ್ಕೆ ಎಣಿಸಲು ಬಂದರೆ ಅನುಮಾನವೇ ಬೇಡ. ಎರೆಭೂಮಿಯ ಹೊಲದಿಲಿಗಳನ್ನು ತಿನ್ನುವ ಹಕ್ಕಿಯಲ್ಲಿ ಕ್ಲಾಡೋಟೀನಿಯಾ ಎಂಬ ಲಾಡಿಹುಳವನ್ನು ಹುಡುಕಬಹುದು, ಅದರ ಮರಿ ಬೆಳೆಯುವುದು ದಂಶಕಗಳ ಮೈಯಲ್ಲಿ.

ಗರುಡದ ಪಾಠ ಎಂದೆನಲ್ಲ, ಅದು ಚಪ್ಪಟೆಹುಳದ್ದು. ಸ್ಟ್ರೈಜಿಯಾ ಗುಂಪಿನ ಹುಳದ ಮೊಟ್ಟೆ ದೊಡ್ಡದು, ಸುಮಾರು 100 ಮೈಕ್ರಾನ್, ಜೇನಿನ ಬಣ್ಣ, ಒಂದು ತುದಿಯಲ್ಲಿ ಕರಡಿಗೆಗೆ ಇರುವಂಥ ಮುಚ್ಚಳದ ಗೆರೆ. ಮೊಟ್ಟೆ ನೀರಿಗೆ ಬಿದ್ದು ಒಡೆದು, ಮರಿ ಬಸವನಹುಳುವಿನೊಳಗೆ ಸೇರಿ, ಅಲ್ಲಿಂದ ಗೊದಮೊಟ್ಟೆ ಅಥವಾ ಕಪ್ಪೆಗೆ ದಾಟಿ, ಕಪ್ಪೆ ತಿಂದ ಹಕ್ಕಿಯ ಕರುಳಿನಲ್ಲಿ ದೊಡ್ಡದಾಗುತ್ತದೆ. ಕೆರೆ, ಬಸವನಹುಳು, ಕಪ್ಪೆ ಮೂರೂ ಇದ್ದಲ್ಲಿ ಮಾತ್ರ ಈ ಸರಪಳಿ ಸಾಗುತ್ತದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸರ್ ಪಟ್ಟಿಗೆ ಸೇರಿದ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ನಾವೆಲ್ಲ ಪಟ್ಟೆತಲೆ ಬಾತು ನೋಡಲು ಹೋಗುತ್ತೇವೆ. ಅಂಥ ಕೆರೆಯ ಸುತ್ತ ಬೇಟೆಯಾಡುವ ಹಕ್ಕಿಯ ಹಿಕ್ಕೆಯಲ್ಲಿ ಈ ಜೇನುಬಣ್ಣದ ಮೊಟ್ಟೆ ಕಂಡರೆ ಹಕ್ಕಿಗೆ ಮರುಗುವ ಮೊದಲು ಕೆರೆ ಇನ್ನೂ ಜೀವಂತವಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಮುಳ್ಳುತಲೆ ಹುಳದ ಮುಂದೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಇದಕ್ಕೆ ಸೆಂಟ್ರೊರಿಂಕಸ್ ಎಂದು ಹೆಸರು. ಕೀಟದಲ್ಲಿ ಹುಟ್ಟುಬೆಳವಣಿಗೆ, ಕೀಟ ತಿಂದ ಹಲ್ಲಿ, ಕಪ್ಪೆ, ಹಾವುಗಳ ಮೈಯಲ್ಲಿ ಕಾಯುವಿಕೆ, ಕೊನೆಗೆ ಹದ್ದು ಅಥವಾ ಗೂಬೆಯ ಕರುಳು. ಒಮ್ಮೆ ವಾಹನಕ್ಕೆ ಸಿಕ್ಕು ಸತ್ತ ಹಾಲಕ್ಕಿಯ ಶವಪರೀಕ್ಷೆಯಲ್ಲಿ ವೈದ್ಯರು ಒಂದು ಹುಳವನ್ನು ಕರುಳಿನಿಂದ ಬಿಡಿಸಿ ನನಗೆ ಕೊಟ್ಟರು. ಎಳೆದರೆ ಬರಲಿಲ್ಲ, ಕರುಳಿನ ಗೋಡೆಯ ಚೂರನ್ನೇ ಜೊತೆಗೆ ಕತ್ತರಿಸಬೇಕಾಯಿತು. ಬೆಳ್ಳಗೆ, ಮೆತ್ತಗೆ, ಬೆರಳಿನ ಗೆಣ್ಣಿನಷ್ಟು ಉದ್ದ. ಗೋಡೆಯ ಚೂರನ್ನು ಸೂಜಿಯಿಂದ ಬಿಡಿಸುವಾಗ ಮುಳ್ಳಿನ ಸೊಂಡಿಲು ಸರಕ್ಕನೆ ಒಳಗೆಳೆದುಕೊಂಡಿತು. ಬರೀ ನೀರಿರುವ ತಟ್ಟೆಯಲ್ಲಿ ಹಾಕಿ ರಾತ್ರಿಯಿಡೀ ತಂಪಿನಲ್ಲಿಟ್ಟೆ. ಬೆಳಗ್ಗೆ ನೋಡಿದರೆ ನೀರು ಹೀರಿ ಬಿಗಿದು, ಸೊಂಡಿಲು ಪೂರ್ತಿ ಹೊರಗೆ ಚಾಚಿತ್ತು. ಅದರ ಸುತ್ತ ಸಾಲು ಸಾಲು ಕೊಕ್ಕೆ, ಎಲ್ಲವೂ ಹಿಂದಕ್ಕೆ ಬಾಗಿದವು, ಬೆಳಕಿಗೆ ಕೆಂಬಣ್ಣದ ಗಾಜಿನ ಚೂರಿನಂತೆ. ಈ ಹುಳಕ್ಕೆ ಬಾಯಿಲ್ಲ, ಕರುಳಿಲ್ಲ, ಮೈಯಿಂದಲೇ ಆಹಾರ ಹೀರುತ್ತದೆ. ಅದಕ್ಕಿರುವುದು ಹಿಡಿದುಕೊಳ್ಳುವ ಕೆಲಸ ಒಂದೇ. ಸೊಂಡಿಲಿನ ಕೊಕ್ಕೆಗಳ ಸಾಲು ಎಣಿಸಿಯೇ ಜಾತಿ ಗುರುತಿಸಬೇಕಾದ್ದರಿಂದ, ಹುಳವನ್ನು ನೇರ ಸ್ಪಿರಿಟ್ಟಿಗೆ ಹಾಕಬೇಡಿ. ಮೊದಲು ನೀರು, ಸೊಂಡಿಲು ಹೊರಬಂದ ಮೇಲೆ ಶೇಕಡಾ 70ರ ಆಲ್ಕೋಹಾಲ್. ಹಿಕ್ಕೆಯಲ್ಲಿ ಇದರ ಮೊಟ್ಟೆ ಕದಿರಿನಂತೆ ಎರಡೂ ಕಡೆ ಚೂಪಾಗಿ, ಒಂದರೊಳಗೊಂದು ಚಿಪ್ಪು ತೊಟ್ಟಂತೆ ಕಾಣುತ್ತದೆ.

ಇನ್ನು ಕಾಕ್ಸಿಡಿಯಾ. ಎಣಿಕೆಯ ಆಟ ಅಷ್ಟೆ, ಆದರೆ ಬೆಳೆದ ಮೇಲೆ ಎಣಿಸಬೇಕು. ದೊಡ್ಡ ಕೋಶದೊಳಗೆ ಒಂದೇ ಚೀಲ, ಅದರಲ್ಲಿ ಎಂಟು ಬೀಜಾಣು ಇದ್ದರೆ ಕ್ಯಾರಿಯೋಸ್ಪೋರಾ. ಇದು ಚಾಣಗಳ ಮರಿಗಳಿಗೆ ನಿಜವಾಗಿ ಕೇಡು ಮಾಡಬಲ್ಲದು, ರಕ್ತಭೇದಿಯಾಗಿ ಸಾಯುವುದೂ ಉಂಟು. ಎರಡು ಚೀಲ, ಒಂದೊಂದರಲ್ಲಿ ನಾಲ್ಕು ಇದ್ದರೆ ಐಸೋಸ್ಪೋರಾದಂಥದ್ದು. ಹನ್ನೆರಡು ಮೈಕ್ರಾನಿನ ಆಸುಪಾಸಿನ ಸಣ್ಣ ಚೀಲಗಳು ಬಿಡಿಬಿಡಿಯಾಗಿ, ಒಳಗೆ ನಾಲ್ಕು ಬೀಜಾಣುಗಳೊಂದಿಗೆ ಕಂಡರೆ ಸಾರ್ಕೋಸಿಸ್ಟಿಸ್. ಇಲಿಯ ಮಾಂಸಖಂಡದಿಂದ ಗೂಬೆಗೆ ಬಂದದ್ದು, ಗೂಬೆಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ನಾಲ್ಕು ಚೀಲ, ಒಂದೊಂದರಲ್ಲಿ ಎರಡು ಇದ್ದರೆ ಐಮೇರಿಯಾ, ಮತ್ತು ಅದು ಹಕ್ಕಿಯದಲ್ಲದಿರುವ ಸಾಧ್ಯತೆಯೇ ಹೆಚ್ಚು.

ಬೇರೆಯವರ ಮೊಟ್ಟೆ

ಹದ್ದು ಕೋಳಿಯ ಕರುಳು ತಿನ್ನುತ್ತದೆ. ಆ ಕರುಳಿನಲ್ಲಿದ್ದ ಕೋಳಿಯ ಜಂತಿನ ಮೊಟ್ಟೆಗಳು ಹದ್ದಿನ ಹೊಟ್ಟೆಯಲ್ಲಿ ಹಾದು, ಏನೂ ಆಗದೆ ಹಿಕ್ಕೆಯಲ್ಲಿ ಹೊರಬರುತ್ತವೆ. ಪಾರಿವಾಳ ತಿಂದ ಶಿಕ್ರಾದಲ್ಲಿ ಪಾರಿವಾಳದ ಐಮೇರಿಯಾ, ಇಲಿ ತಿಂದ ಗೂಬೆಯಲ್ಲಿ ಇಲಿಯ ಲಾಡಿಹುಳದ ಮೊಟ್ಟೆ, ಎಲ್ಲವೂ ಹೀಗೆ ಬರಿದೇ ದಾರಿ ಹಾಯ್ದವು. ಹುಬ್ಬಳ್ಳಿಯಂಥ ಊರಿನ ಹದ್ದುಗಳಲ್ಲಿ ಈ ಗೊಂದಲ ದಿನನಿತ್ಯದ್ದು. ನುಣುಪಾದ ಚಿಪ್ಪಿನ ಅಂಡಾಕಾರದ ಮೊಟ್ಟೆ ಕಂಡರೆ ಕೋಳಿಯ ಅಸ್ಕರಿಡಿಯಾ ಇರಬಹುದೇ ಎಂದು ಮೊದಲು ಅನುಮಾನಿಸಿ. ಹದ್ದಿನದೇ ಆದ ಪೊರೊಸೀಕಮ್‌ಗೆ ಗುಳಿಗಳಿರುತ್ತವೆ ಎಂದೆನಲ್ಲ, 400 ಪಟ್ಟಿನಲ್ಲಿ ಅದನ್ನೇ ಹುಡುಕಿ.

ಬಿಡಿಸಿಕೊಳ್ಳಲು ಒಂದೇ ದಾರಿ: ಅದೇ ಕೊಂಬೆಯ ಹಿಕ್ಕೆಯನ್ನು ಕೆಲವು ದಿನ ಬಿಟ್ಟು ಬಿಟ್ಟು ಮೂರು ಸಲ ನೋಡಿ. ಹಕ್ಕಿಯೊಳಗೇ ಮನೆಮಾಡಿದ ಹುಳದ ಮೊಟ್ಟೆ ಮತ್ತೆ ಮತ್ತೆ ಕಾಣುತ್ತದೆ. ಹಾದುಹೋದದ್ದು ಆ ತುತ್ತಿನೊಂದಿಗೆ ಮುಗಿಯುತ್ತದೆ. ಹುಳ ದಿನವೂ ಒಂದೇ ಸಮ ಮೊಟ್ಟೆ ಹಾಕುವುದಿಲ್ಲವಾದ್ದರಿಂದ, ಒಂದು ಸಲ ಏನೂ ಕಾಣದಿದ್ದರೆ ಇಲ್ಲ ಎಂದೂ ತೀರ್ಮಾನಿಸುವಂತಿಲ್ಲ.

ಮೊಟ್ಟೆಯೇ ಅಲ್ಲದ್ದು ಮೊಟ್ಟೆಯಂತೆ ಕಾಣುವುದೂ ಬಹಳ. ಗಾಳಿಗುಳ್ಳೆಗೆ ಅಂಚು ಕಪ್ಪು, ಒಳಗೆ ಏನೂ ಇರುವುದಿಲ್ಲ. ಕುಸುಬಿ, ಸೂರ್ಯಕಾಂತಿಯ ಪರಾಗ ಮುಳ್ಳುಮುಳ್ಳಾಗಿರುತ್ತದೆ. ಜೋಳದ ಪರಾಗ ನುಣ್ಣಗಿನ ಗುಂಡು, ಒಂದು ಸಣ್ಣ ರಂಧ್ರ ಬಿಟ್ಟರೆ ಜಂತಿನ ಮೊಟ್ಟೆಯೆಂದೇ ನಂಬಿಸುತ್ತದೆ. ಹಿಂಗಾರಿ ಬೆಳೆ ಹೂಬಿಟ್ಟ ಕಾಲಕ್ಕೆ ಒಂದಿಷ್ಟು ಪರಾಗವನ್ನು ಹೊಲದಿಂದಲೇ ತಂದು ಸ್ಲೈಡ್ ಮಾಡಿ ಪಕ್ಕಕ್ಕಿಟ್ಟುಕೊಳ್ಳಿ.

ಹುಳ ಸಿಕ್ಕಿತು, ಮುಂದೆ?

ಹಾರಾಡುತ್ತಿರುವ ಹಕ್ಕಿಯ ಹಿಕ್ಕೆಯಲ್ಲಿ ಸಿಕ್ಕಿದ್ದರೆ ಮುಂದೆ ಏನೂ ಇಲ್ಲ. ಬರೆದಿಡಿ. ಮಾಂಸದ ತುಂಡಿನಲ್ಲಿ ಔಷಧಿ ಇಟ್ಟು ಹಾಕುವ ಯೋಚನೆ ಬೇಡವೇ ಬೇಡ.

ಬಿದ್ದ ಹಕ್ಕಿಯ ಮಾತು ಬೇರೆ. ದಪ್ಪ ಬಟ್ಟೆ ಹೊದಿಸಿ, ಉಗುರುಗಳ ಬಗ್ಗೆ ಎಚ್ಚರದಿಂದ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಬಾಯಿಗೆ ನೀರು ಹನಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಹಾಲು, ಅನ್ನ ಬೇಡ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ವೈದ್ಯರ ಹತ್ತಿರ ತಲುಪಿದಾಗ ಮೂರು ವಿಷಯ ಹೇಳಲು ಬಂದರೆ ಅವರಿಗೆ ಬಹಳ ಸಹಾಯ. ಎದೆಯ ನಡುವಿನ ಎಲುಬು ಚಾಕುವಿನ ಅಂಚಿನಂತೆ ಚುಚ್ಚುತ್ತದೆಯೇ, ಇಲ್ಲವೇ ಎರಡೂ ಬದಿ ಮಾಂಸ ತುಂಬಿದೆಯೇ? ಬಹಳ ದಿನದಿಂದ ಸೊರಗಿದ ಹಕ್ಕಿಯಲ್ಲಿ ಎಲುಬು ಎದ್ದಿರುತ್ತದೆ. ಮೈತುಂಬಿದ ಹಕ್ಕಿ ಒಮ್ಮೆಲೇ ಬಿದ್ದಿದ್ದರೆ ವಿಷ, ಮಾಂಜಾ ದಾರ, ವಿದ್ಯುತ್ ತಂತಿಯ ಕಡೆಗೆ ಯೋಚಿಸಬೇಕು. ಬಾಯಿಯ ಒಳಗೆ ಹಳದಿ ಗಿಣ್ಣದಂಥ ಗಡ್ಡೆ ಇದೆಯೇ? ಪಾರಿವಾಳದಿಂದ ಬರುವ ಟ್ರೈಕೊಮೊನಾಸ್ ಎಂಬ ಏಕಕೋಶಿ ಅದನ್ನು ಮಾಡುತ್ತದೆ. ಸಿಕ್ಕ ಜಾಗದ ಸುತ್ತ ಇಲಿಪಾಷಾಣ ಇಟ್ಟಿದ್ದರೇ, ಬೆಳೆಗೆ ಔಷಧಿ ಹೊಡೆದಿದ್ದರೇ?

ಹಸಿದು ಸೊರಗಿದ ಹಕ್ಕಿಯಲ್ಲಿ ಹುಳ ಹೆಚ್ಚುತ್ತವೆ. ಆಗ ಹುಳ ಕಾರಣವೂ ಇರಬಹುದು, ಫಲವೂ ಇರಬಹುದು. ವೈದ್ಯರು ಸಾಮಾನ್ಯವಾಗಿ ಮೊದಲು ದ್ರವ, ಬೆಚ್ಚಗೆ, ಆಹಾರ ಕೊಟ್ಟು ಹಕ್ಕಿ ಚೇತರಿಸಿದ ಮೇಲೆ ಜಂತಿನ ವಿಚಾರಕ್ಕೆ ಬರುತ್ತಾರೆ. ಅವಸರ ಮಾಡಿಸಬೇಡಿ. ಕುರಿ, ದನಕ್ಕೆ ಹಾಕುವ ಫೆನ್‌ಬೆಂಡಜೋಲ್, ಆಲ್ಬೆಂಡಜೋಲ್ ಗುಂಪಿನ ಔಷಧಿಗಳನ್ನು ಮನೆಯಲ್ಲಿ ಹಾಕುವವರಿಗೆ ಇದೊಂದು ಗೊತ್ತಿರಲಿ: ಪಾರಿವಾಳ, ರಣಹದ್ದುಗಳಂಥ ಹಕ್ಕಿಗಳಲ್ಲಿ ಇವು ಮೂಳೆಮಜ್ಜೆಯನ್ನು ಕೆಡಿಸಿ, ಬಿಳಿ ರಕ್ತಕಣ ಕುಸಿದು ಹಕ್ಕಿ ಸತ್ತದ್ದು ದಾಖಲಾಗಿದೆ. ನೋವಿಗೆಂದು ಡೈಕ್ಲೊಫೆನಾಕ್ ಅಂತೂ ಮುಟ್ಟಲೇಬಾರದು. ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಅವುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದದ್ದು ಅದು. 2006ರಲ್ಲೇ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಯಿತು.

ಬರೆದಿಡುವುದು

ಎಣಿಕೆ ಬೇಕೆಂದರೆ ಮ್ಯಾಕ್‌ಮಾಸ್ಟರ್ ಸ್ಲೈಡ್ ಇದೆ. ಮೇಲೆ ಹೇಳಿದ ಒಂದು ಗ್ರಾಂ, 14 ಮಿಲಿಲೀಟರ್ ಅಳತೆಯಲ್ಲಿ ಅದರ ಎರಡೂ ಕೋಣೆಗಳ ಮೊಟ್ಟೆ ಎಣಿಸಿ 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿರುವ ಮೊಟ್ಟೆಗಳ ಲೆಕ್ಕ ಸಿಗುತ್ತದೆ. ಶಿಕ್ರಾದಂಥ ಸಣ್ಣ ಹಕ್ಕಿಯ ಒಂದು ಹಿಕ್ಕೆಯಲ್ಲಿ ಒಂದು ಗ್ರಾಂ ಕಪ್ಪು ಭಾಗವೂ ಹೊರಡುವುದಿಲ್ಲ, ಆಗ ‘ಇದೆ’, ‘ಇಲ್ಲ’ ಎಂದಷ್ಟೇ ಬರೆಯಿರಿ. ಸ್ಲೈಡಿನ ಫೋಟೊವನ್ನು ಮೊಬೈಲಿನಲ್ಲಿ ತೆಗೆಯುವಾಗ ಅಳತೆಯ ಗೆರೆ ಇರುವ ಐಪೀಸ್ ಹಾಕಿ. ಅಳತೆಯಿಲ್ಲದ ಮೊಟ್ಟೆಯ ಫೋಟೊ ನೋಡಿ ಯಾರೂ ಏನೂ ಹೇಳಲಾರರು. ಗುರುತು ಸಿಗದ್ದನ್ನು ಊಹಿಸಿ ಹೆಸರಿಡುವ ಬದಲು ಗದಗದ ಪಶುವೈದ್ಯಕೀಯ ಕಾಲೇಜಿನಲ್ಲೋ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲೋ ತೋರಿಸಿ ಕೇಳಿ.

ಒಂದು ಉದ್ದನೆಯ ನೋಟ್‌ಬುಕ್ ಇಡಿ. ಎಡಗಡೆ ಹಿಕ್ಕೆಯಲ್ಲಿ ಕಂಡದ್ದು, ಬಲಗಡೆ ಅದೇ ದಿನದ ಉಂಡೆಯಲ್ಲಿ ಕಂಡದ್ದು. ಜೂನಿನಿಂದ ಮುಂದಿನ ಮೇ ತನಕ ಒಂದೇ ಮರವನ್ನು ನೋಡಿದರೆ ಕಪ್ಪೆಯ ಕಾಲ, ಇಲಿಯ ಕಾಲ, ಮಿಡತೆಯ ಕಾಲ ಬೇರೆಬೇರೆಯಾಗಿ ಪುಟದ ಮೇಲೆ ಬರತೊಡಗುತ್ತವೆ. ಏನೂ ಸಿಗದ ದಿನವನ್ನೂ ಅಷ್ಟೇ ಪೂರ್ತಿಯಾಗಿ ಬರೆಯಬೇಕು. ನನ್ನ ಪುಸ್ತಕದಲ್ಲಿ ಅಂಥ ಸಾಲುಗಳೇ ಹೆಚ್ಚು: ಶಿಕ್ರಾ, ಬೇವಿನ ಮರ, ಬೆಳಗ್ಗೆ ಆರೂವರೆ, ಮೂರೂ ವಿಧಾನ, ಆರು ಸ್ಲೈಡ್, ಏನೂ ಇಲ್ಲ. ಉಂಡೆಯಲ್ಲಿ ಓತಿಕ್ಯಾತನ ಚರ್ಮ.